ಮೊಮ್ಮಗನಿಗೆ ನಟನ ಹೆಸರಿಟ್ಟರೆ ದೋಷವೇ?

ಪ್ರಶ್ನೆ: ಗುರುಗಳೇ, ನಮ್ಮ ಮೂಲ ಗುಂಡ್ಲುಪೇಟೆ ಹತ್ತಿರದ ಹಳ್ಳಿ. ಈಗ ಮಗನ ಜೊತೆ ಬೆಂಗಳೂರಿನಲ್ಲಿದ್ದೇನೆ. ಹೋದ ತಿಂಗಳು ಮೊಮ್ಮಗ ಹುಟ್ಟಿದ. ಹಸ್ತಾ ನಕ್ಷತ್ರ, ಎರಡನೇ ಪಾದ. ಮಗ ಪುನೀತ್ ಅಂತಲೇ ಹೆಸರಿಡಬೇಕೆಂದು ಹಟ ಹಿಡಿದಿದ್ದಾನೆ. ಹಸ್ತಕ್ಕೆ ‘ಪು’ ಬರುತ್ತೆ ಅಂತ ಮೊಬೈಲ್‌ನಲ್ಲಿ ತೋರಿಸುತ್ತಾನೆ. ನಮ್ಮೆಜಮಾನರು ತೀರಿಕೊಂಡು ಎರಡು ವರ್ಷ. ಅವರದು ಬೆಟ್ಟದ ಮಾದಪ್ಪನ ಹೆಸರು. ನಮ್ಮಲ್ಲಿ ಮೊದಲ ಮೊಮ್ಮಗನಿಗೆ ತಾತನ ಹೆಸರಿಡುವುದು ಪದ್ಧತಿ. ಅದನ್ನು ಬಿಟ್ಟರೆ ಪಿತೃದೋಷ ಬರುತ್ತದೆಯೇ? ಚಿಕ್ಕ ವಯಸ್ಸಿಗೇ ಹೋದವರ ಹೆಸರಿಟ್ಟರೆ ಮಗುವಿನ ಆಯಸ್ಸಿಗೆ ತೊಂದರೆಯೇ? ಸಿನಿಮಾದವರ ಹೆಸರಿಡಲು ಶಾಸ್ತ್ರದ ಒಪ್ಪಿಗೆ ಇದೆಯೇ? ನಾನು ಈಗ ಶುಭಕಾರ್ಯಗಳಲ್ಲಿ ಮುಂದೆ ನಿಲ್ಲುವಂತಿಲ್ಲ, ಆದ್ದರಿಂದ ಮನೆಯಲ್ಲಿ ಹೆಚ್ಚು ಮಾತಾಡಲೂ ಆಗುತ್ತಿಲ್ಲ.
— ಹೆಸರು ಬೇಡ, ಬೆಂಗಳೂರು

ಉತ್ತರ: ತಾಯಿ, ನೀವು ಕೇಳಿದ ಮೂರು ಪ್ರಶ್ನೆಗೂ ‘ದೋಷವಿಲ್ಲ’ ಎಂದು ಒಂದೇ ಮಾತಿನಲ್ಲಿ ಬರೆದು ಮುಗಿಸಬಹುದು. ಆದರೆ ಈ ಪ್ರಶ್ನೆಯನ್ನು ಬೇರೆ ಬೇರೆ ರೂಪದಲ್ಲಿ ಬಹಳ ಜನ ಕೇಳುತ್ತಿದ್ದಾರೆ, ಅದೂ ಭಯಪಟ್ಟುಕೊಂಡು. ಮಗುವಿನ ಹೆಸರು ಭಯದಲ್ಲಿ ತೀರ್ಮಾನವಾಗಬಾರದು. ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ನಿಮ್ಮ ಕಾಗದದ ಕಡೇ ಸಾಲಿಗೂ ಉತ್ತರ ಕೊಡುತ್ತೇನೆ, ನೀವು ಅದನ್ನು ಪ್ರಶ್ನೆ ಅಂತ ಕೇಳದಿದ್ದರೂ.

ಮೊದಲು ಅಕ್ಷರದ ವಿಚಾರ. ಹಸ್ತಾ ನಕ್ಷತ್ರದ ನಾಲ್ಕು ಪಾದಗಳಿಗೆ ಕ್ರಮವಾಗಿ ಪು, ಷ, ಣ, ಠ. ನಿಮ್ಮ ಮಗ ಮೊಬೈಲ್‌ನಲ್ಲಿ ಕಂಡದ್ದು ಸುಳ್ಳಲ್ಲ, ಆದರೆ ‘ಪು’ ಮೊದಲನೇ ಪಾದದ್ದು. ಎರಡನೇ ಪಾದಕ್ಕೆ ‘ಷ’. ಕೂಸಿನ ಪುಣ್ಯ, ‘ಷ’ಕ್ಕೆ ಷಣ್ಮುಖನಿದ್ದಾನೆ, ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವ ಷಡಕ್ಷರಿ ಇದ್ದಾನೆ. ಸುಮಾರು ಆರು ಗಂಟೆ ತಡವಾಗಿ ಹುಟ್ಟಿದ್ದರೆ ‘ಣ’ ಬರುತ್ತಿತ್ತು. ಣಕಾರದಿಂದ ಶುರುವಾಗುವ ಒಂದು ಹೆಸರನ್ನು ಯಾರಾದರೂ ಹುಡುಕಿಕೊಡಿ, ನೋಡೋಣ! ಆರಿದ್ರಾ ನಕ್ಷತ್ರದ ಮೂರನೇ ಪಾದಕ್ಕೆ ‘ಙ’ ಬರುತ್ತದೆ. ಹಾಗಂತ ಆ ಪಾದಗಳಲ್ಲಿ ಹುಟ್ಟಿದವರೆಲ್ಲ ಹೆಸರಿಲ್ಲದೆ ಬದುಕಿದರೇ? ಈ ಅಕ್ಷರಗಳು ಜಾತಕದಲ್ಲಿ ಬರೆದಿಡುವ ಜನ್ಮನಾಮಕ್ಕೆ. ಜಗಲಿಯಲ್ಲಿ ನಿಂತು ಕೂಗುವ ಹೆಸರು ಬೇರೆ. ಇವೆರಡನ್ನೂ ಒಂದೇ ಮಾಡಿಕೊಂಡದ್ದು ಈಚಿನವರು.

ಆಶ್ವಲಾಯನ ಗೃಹ್ಯಸೂತ್ರ ನಾಮಕರಣ ಹೇಳುವಾಗ ನಕ್ಷತ್ರಪಾದದ ಈ ಅಕ್ಷರಗಳ ಮಾತನ್ನೇ ಎತ್ತುವುದಿಲ್ಲ. ಅದರ ಅಳತೆ ಬೇರೆ. ಹೆಸರು ಘೋಷವರ್ಣದಿಂದ ಮೊದಲಾಗಬೇಕು, ಒಳಗೆ ಯ ರ ಲ ವ ಗಳಲ್ಲಿ ಒಂದಿರಬೇಕು, ಕೊನೆಗೆ ವಿಸರ್ಗ ಬರಬೇಕು, ಗಂಡುಮಗುವಿಗೆ ಎರಡು ಅಥವಾ ನಾಲ್ಕು ಅಕ್ಷರ, ಹೆಣ್ಣುಮಗುವಿಗೆ ಬೆಸ ಸಂಖ್ಯೆ. ಈ ಅಳತೆಯಲ್ಲಿ ‘ಪುನೀತ’ ಮೂರು ಕಡೆ ಸೋಲುತ್ತದೆ. ಪಕಾರ ಅಘೋಷ, ಅಕ್ಷರ ಮೂರು, ಒಳಗೆ ಯ ರ ಲ ವ ಗಳಲ್ಲಿ ಒಂದೂ ಇಲ್ಲ. ‘ಮಹಾದೇವ’ ಗೆಲ್ಲುತ್ತದೆ. ಮಕಾರ ಘೋಷ, ಅಕ್ಷರ ನಾಲ್ಕು, ಒಳಗೆ ವಕಾರವೂ ಉಂಟು. ಆದರೆ ಗೆದ್ದೆ ಅಂತ ಮಗನ ಮುಂದೆ ಈ ಪತ್ರಿಕೆ ಹಿಡಿಯಬೇಡಿ ತಾಯಿ. ಇದೇ ಅಳತೆಗೆ ಕೃಷ್ಣನೂ ಸೋಲುತ್ತಾನೆ, ಶಿವನೂ ಸೋಲುತ್ತಾನೆ. ಕ, ಶ ಎರಡೂ ಅಘೋಷವೇ. ಮನುಸ್ಮೃತಿಯಂತೂ ನಕ್ಷತ್ರ, ಮರ, ನದಿಗಳ ಹೆಸರಿರುವ ಕನ್ಯೆಯನ್ನು ಮದುವೆಯಾಗಬೇಡ ಅನ್ನುತ್ತದೆ. ರೋಹಿಣಿ, ಗಂಗಾ, ಕಾವೇರಿ ಅನ್ನುವ ಹೆಣ್ಣುಮಕ್ಕಳು ನಮ್ಮಲ್ಲಿ ಮನೆಮನೆಗೂ ಇದ್ದಾರೆ, ಚೆನ್ನಾಗಿ ಸಂಸಾರ ಮಾಡಿಕೊಂಡಿದ್ದಾರೆ. ಕುಲಾಚಾರ, ದೇಶಾಚಾರಕ್ಕೆ ಹಿರಿಯರು ಕೊಟ್ಟ ಜಾಗ ಅದು. ಕೇಳಲು ಇಂಪಾಗಿರಲಿ, ಅರ್ಥ ತಿಳಿಯುವಂತಿರಲಿ, ಮಂಗಳವಾಗಿರಲಿ ಎಂದು ಅದೇ ಮನು ಹೆಣ್ಣುಮಕ್ಕಳ ಹೆಸರಿಗೆ ಹೇಳಿದ್ದಾನೆ. ಗಂಡುಮಕ್ಕಳಿಗೂ ಅಷ್ಟು ಸಾಕು ಅಂತ ನನ್ನ ಅಭಿಪ್ರಾಯ. ಸಂಸ್ಕೃತದ ವ್ಯಾಕರಣ ಓದಿದವರು ‘ಪೂತ’ ಅನ್ನಬೇಕು, ‘ಪುನೀತ’ ಸರಿಯಲ್ಲ ಎಂದು ತಗಾದೆ ತೆಗೆಯಬಹುದು. ಪಾಠಶಾಲೆಯಲ್ಲಿ ಕಲಿತ ನನಗೂ ಆ ಚಪಲ ಇದೆ. ಆದರೆ ಕನ್ನಡದಲ್ಲಿ ಪುನೀತ ಎಂದರೆ ಪವಿತ್ರ ಅಂತ ಎಲ್ಲರಿಗೂ ತಿಳಿಯುತ್ತದೆ. ಅಷ್ಟರಮಟ್ಟಿಗೆ ಅದು ಒಳ್ಳೆಯ ಹೆಸರು.

ಇನ್ನು ಆಯಸ್ಸಿನ ಭಯ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೋದಾಗ ಅವರಿಗೆ 46. ಅಂಥ ಆಳು ಹಾಗೆ ಹೋದದ್ದು ಎಲ್ಲ ತಾಯಂದಿರ ಎದೆಯಲ್ಲೂ ಭಯ ಕೂರಿಸಿದೆ, ಅದು ನನಗೆ ಅರ್ಥವಾಗುತ್ತದೆ. ಆದರೆ ಯೋಚಿಸಿ. ಆದಿಶಂಕರರು ದೇಹ ಬಿಟ್ಟದ್ದು 32ನೇ ವಯಸ್ಸಿಗೆ ಎಂದು ಸಂಪ್ರದಾಯ. ಶಂಕರ ಅನ್ನುವ ಹೆಸರನ್ನು ನಾವು ಬಿಟ್ಟೆವೇ? ವಿವೇಕಾನಂದರು 39ಕ್ಕೇ ಹೋದರು, ವಿವೇಕ ಎಂದು ಎಷ್ಟು ಮಕ್ಕಳಿದ್ದಾರೆ! ಅಭಿಮನ್ಯು ಹದಿನಾರಕ್ಕೇ ಚಕ್ರವ್ಯೂಹದಲ್ಲಿ ಬಿದ್ದವನು. ಅವನ ಹೆಸರಿನ ಆನೆ 2020ರಿಂದ ಮೈಸೂರು ದಸರೆಯಲ್ಲಿ ಚಿನ್ನದ ಅಂಬಾರಿ ಹೊತ್ತಿದೆ, ಯಾರೂ ಅಪಶಕುನ ಅನ್ನಲಿಲ್ಲ. ಆಯಸ್ಸನ್ನು ಜಾತಕದಲ್ಲಿ ನೋಡುವ ಕ್ರಮ ಬೇರೆ ಇದೆ, ಅಲ್ಲಿ ಕೂಗುವ ಹೆಸರಿಗೆ ಸ್ಥಾನವೇ ಇಲ್ಲ. ಯಾರಾದರೂ ಈ ಹೆಸರಿಗೆ ಶಾಂತಿ ಮಾಡಿಸಿ ಅಂದರೆ ದುಡ್ಡು ಕೊಡಬೇಡಿ.

ಈಗ ಸಿನಿಮಾದವರ ಹೆಸರಿನ ವಿಚಾರ. ನಾನು ಚಾಮರಾಜನಗರದಲ್ಲಿ ಕೂತು ಜಾತಕ ಬರೆಯಲು ಹಿಡಿದು ನಲವತ್ತು ವರ್ಷ ದಾಟಿತು. ಹಳೆಯ ಪುಸ್ತಕ ತೆಗೆದರೆ ಹೆಸರು ನೋಡಿಯೇ ಕಾಲ ಹೇಳಬಹುದು. ಮೊದಮೊದಲು ಮಾದೇಶ, ಮಹದೇವಸ್ವಾಮಿ, ಬಿಳಿಗಿರಿರಂಗನ ಕಡೆಯ ರಂಗಸ್ವಾಮಿ, ನಂಜನಗೂಡಿನ ನಂಜುಂಡ, ಚಿಕ್ಕಲ್ಲೂರಿನ ಸಿದ್ದರಾಜು. ಬೆಟ್ಟ, ಹೊಳೆ, ಜಾತ್ರೆ ಯಾವ ದಿಕ್ಕಿಗಿದೆ ಅಂತ ಹೆಸರಲ್ಲೇ ತಿಳಿಯುತ್ತಿತ್ತು. ನಡುನಡುವೆ ರಾಜ್‌ಕುಮಾರ, ಆಮೇಲೆ ವಿಷ್ಣು, ಅಂಬರೀಶ. ‘ಬೆಟ್ಟದ ಹೂವು’ ಬಂದದ್ದು 1985ರಲ್ಲಿ. ಅದರಲ್ಲಿ ಪಾತ್ರ ಮಾಡಿದ ಹುಡುಗನ ಹೆಸರು ಆಗಿನ್ನೂ ಲೋಹಿತ್, ನಮ್ಮಲ್ಲೂ ಲೋಹಿತ ಕಾಣಿಸಿಕೊಂಡ. ಟಿ.ವಿ.ಯಲ್ಲಿ ‘ಅಗ್ನಿಸಾಕ್ಷಿ’ ಬರುತ್ತಿದ್ದಾಗ ಹೆಣ್ಣುಮಗುವಿಗೆ ಸನ್ನಿಧಿ ಅಂತ ಇಡಬಹುದೇ ಎಂದು ಕೇಳಿಕೊಂಡು ಬಂದರು. ದೇವರ ಸನ್ನಿಧಿ ಬೇಡ ಅನ್ನುವುದು ಹೇಗೆ, ಧಾರಾವಾಹಿಯಿಂದ ಬಂದರೇನು, ಧಾರಾಳವಾಗಿ ಇಡಿ ಅಂದೆ. 2021ರ ಆಚೆ ಪುನೀತ, ಅಪ್ಪು.

ಹಿಂದಿನದೆಲ್ಲ ಚೆಂದ, ಈಗಿನದೆಲ್ಲ ಹುಚ್ಚು ಅಂತ ನಾನು ಹೇಳಲಾರೆ. ಅದೇ ಹಳೆಯ ಪುಸ್ತಕಗಳಲ್ಲಿ ಸಾಕಮ್ಮ ಅಂತಲೂ ಇದೆ. ನಾಲ್ಕನೆಯದೋ ಐದನೆಯದೋ ಹೆಣ್ಣು ಹುಟ್ಟಿದಾಗ ‘ಇನ್ನು ಸಾಕು’ ಎಂದು ಇಟ್ಟ ಹೆಸರು ಎಷ್ಟೋ ಮನೆಗಳಲ್ಲಿ ಅದು. ಹುಟ್ಟಿದ ಮಕ್ಕಳು ನಿಲ್ಲದ ಮನೆಯಲ್ಲಿ ಯಮನ ಕಣ್ಣು ತಪ್ಪಿಸಲು ತಿಪ್ಪ ಅಂತಲೂ ಇಡುತ್ತಿದ್ದರು, ಅದರಲ್ಲಾದರೂ ಮಗು ಉಳಿಯಲಿ ಅನ್ನುವ ಆಸೆ ಇತ್ತು. ಸಾಕಮ್ಮನಿಗೆ ಅದೂ ಇಲ್ಲ. ನೀನು ಬೇಡವಾಗಿ ಬಂದೆ ಎಂದು ಜೀವಮಾನವಿಡೀ ಆ ಹೆಣ್ಣಿಗೆ ದಿನಕ್ಕೆ ಹತ್ತು ಸಲ ಹೇಳಿದ ಹಾಗೆ. ಅದರ ಮುಂದೆ ನೋಡಿದರೆ, ಮೆಚ್ಚಿದವನ ಹೆಸರನ್ನು ಪ್ರೀತಿಯಿಂದ ಮಗುವಿಗಿಟ್ಟ ಅಭಿಮಾನಿ ತಂದೆ ಎಷ್ಟೋ ಮೇಲು.

ದೊಡ್ಡವರ ಹೆಸರನ್ನು ಕಡ ತರುವುದೂ ಹೊಸತೇನಲ್ಲ. ನಮ್ಮ ಊರೇ ಅದಕ್ಕೆ ಸಾಕ್ಷಿ. ಇದು ಹಿಂದೆ ಅರಿಕುಠಾರ. ಇಲ್ಲಿ ಹುಟ್ಟಿದ ಚಾಮರಾಜ ಒಡೆಯರ ಹೆಸರನ್ನು ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು ಊರಿಗಿಟ್ಟರು. ಅಷ್ಟಕ್ಕೇ ನಿಲ್ಲಲಿಲ್ಲ. 1826ರಲ್ಲಿ ದೇವಸ್ಥಾನ ಕಟ್ಟಿಸಿ ಶಿವನಿಗೇ ಚಾಮರಾಜೇಶ್ವರ ಎಂದು ತಂದೆಯ ಹೆಸರಿಟ್ಟರು, ಅಮ್ಮನವರಿಗೆ ಕೆಂಪನಂಜಾಂಬ ಎಂದು ತಾಯಿಯ ಹೆಸರಿಟ್ಟರು. ಮನುಷ್ಯರಿಗೆ ದೇವರ ಹೆಸರಿಡುವುದನ್ನು ನಾವು ಕಂಡಿದ್ದೇವೆ, ಇಲ್ಲಿ ದೇವರು ಮನುಷ್ಯರ ಹೆಸರನ್ನು ಹೊತ್ತುಕೊಂಡಿದ್ದಾನೆ. ಆಷಾಢದ ತೇರಿಗೆ ಹೊಸ ಜೋಡಿಗಳು ಬಂದು ಹಣ್ಣು ಜವನ ಎಸೆದು ಕೈ ಮುಗಿಯುವುದು ಆ ಹೆಸರಿನ ದೇವರಿಗೇ. ಅರಮನೆಯವರ ಹೆಸರನ್ನು ಜನ ಮಕ್ಕಳಿಗಿಟ್ಟರು, ಸ್ವಾತಂತ್ರ್ಯದ ಕಾಲದಲ್ಲಿ ಸುಭಾಷ, ಜವಾಹರ ಬಂದರು. ರಾಜರು ಹೋದ ಮೇಲೆ ಆ ಜಾಗಕ್ಕೆ ರಾಜ್‌ಕುಮಾರ್ ಬಂದರು, ಅಷ್ಟೇ.

ಆದರೆ ಅಣ್ಣಾವ್ರಿಗೆ ಆ ಹೆಸರು ಎಲ್ಲಿಂದ ಬಂತು? ಸಿಂಗಾನಲ್ಲೂರು, ಗಾಜನೂರು ಎರಡೂ ನಮ್ಮ ಪಕ್ಕದವೇ, ಗಾಜನೂರು ಈಗ ತಮಿಳುನಾಡಿಗೆ ಸೇರಿದ್ದರೂ. 1929ರಲ್ಲಿ ಹುಟ್ಟಿದ ಆ ಮಗುವಿಗೆ ಅಪ್ಪ ಅಮ್ಮ ಇಟ್ಟದ್ದು ಮುತ್ತುರಾಜ. ಕಾವೇರಿ ದಡದ ಮುತ್ತತ್ತಿರಾಯನಿಗೆ, ಅಂದರೆ ಆಂಜನೇಯನಿಗೆ, ಹರಕೆ ಹೊತ್ತು ಪಡೆದ ಮಗ ಅಂತ. ರಾಜ್‌ಕುಮಾರ್ ಅನ್ನುವುದು 1954ರ ‘ಬೇಡರ ಕಣ್ಣಪ್ಪ’ಕ್ಕೆ ನಿರ್ದೇಶಕ ಎಚ್.ಎಲ್.ಎನ್. ಸಿಂಹ ಇಟ್ಟ ಹೆಸರು. ಸಂಪತ್‌ಕುಮಾರ್ ಎಂಬ ಹುಡುಗನನ್ನು ‘ನಾಗರಹಾವು’ ಹೊತ್ತಿಗೆ ವಿಷ್ಣುವರ್ಧನ್ ಮಾಡಿದವರು ಪುಟ್ಟಣ್ಣ ಕಣಗಾಲ್. ಆ ವಿಷ್ಣುವರ್ಧನನಾದರೂ ಯಾರು? ಬಿಟ್ಟಿದೇವನಾಗಿದ್ದು ಆ ಹೆಸರು ತಾಳಿದ ಹೊಯ್ಸಳ ದೊರೆ. ಅಮರನಾಥ್ ಅಂಬರೀಶ್ ಆದರು. ಅಂಬರೀಷ ಭಾಗವತದ ರಾಜ, ಏಕಾದಶಿ ವ್ರತ ಬಿಡದ ಹರಿಭಕ್ತ. ಹೀಗೆ ಹಿಂದಕ್ಕೆ ಹೋಗುತ್ತಾ ಇದ್ದರೆ ಮಗು ನಟನ ಹೆಸರು, ನಟ ರಾಜನ ಹೆಸರು, ರಾಜ ದೇವರ ಹೆಸರು. ತಮ್ಮ ಹುಟ್ಟುಹೆಸರನ್ನೇ ಉಳಿಸಿಕೊಳ್ಳದವರ ಹೆಸರಿಗಾಗಿ ನಮ್ಮ ಮನೆಗಳಲ್ಲಿ ತಾಯಿ ಮಗ ಮಾತು ಬಿಡುವುದು ನೋಡಿದರೆ ನನಗೆ ಒಮ್ಮೊಮ್ಮೆ ನಗು ಬರುತ್ತದೆ.

ನಗುವಿನ ಮಾತು ಹಾಗಿರಲಿ. ಹೆಸರು ಯಾಕೆ ಇಡುತ್ತೇವೆ ಅನ್ನುವುದಕ್ಕೆ ಭಾಗವತದ ಅಜಾಮಿಳನ ಕಥೆಗಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ಕೊನೆಗಾಲದಲ್ಲಿ ಅವನು ಕರೆದದ್ದು ದೇವರನ್ನಲ್ಲ, ಆಡುತ್ತಿದ್ದ ಕಿರಿಮಗನನ್ನು. ಮಗನ ಹೆಸರು ನಾರಾಯಣ ಎಂದಿತ್ತು, ಅಷ್ಟೇ ಅವನನ್ನು ಕಾಯಿತು. ಹೆಸರಿನ ಫಲ ಅಲ್ಲಿ ಹೊತ್ತವನಿಗಲ್ಲ, ಕರೆದವನಿಗೆ. ಮಗುವಿನ ಹೆಸರನ್ನು ಮಗು ಎಷ್ಟು ಸಲ ಹೇಳಿಕೊಳ್ಳುತ್ತದೆ? ತಾಯಿ ಕೂಗುತ್ತಾಳೆ, ತಂದೆ ಕೂಗುತ್ತಾನೆ, ಮೇಷ್ಟ್ರು ಹಾಜರಿ ಕರೆಯುತ್ತಾರೆ. ಅದು ಆ ಮನೆಯ ನಾಲಿಗೆಯ ಮೇಲೆ ಅರವತ್ತು ಎಪ್ಪತ್ತು ವರ್ಷ ಉರುಳುವ ಶಬ್ದ. ಹಾಗಾಗಿ ನಿಮ್ಮ ಮಗನನ್ನು ಕೇಳಬೇಕಾದ್ದು ಇದು: ಅಪ್ಪಾ, ಆ ಹೆಸರು ಕರೆದಾಗೆಲ್ಲ ನಿನ್ನ ಮನಸ್ಸಿಗೆ ಏನು ಬರುತ್ತದೆ? ಕುಣಿತ, ಹೊಡೆದಾಟ, ಮೊದಲ ದಿನದ ಮೊದಲ ಆಟದ ಶಿಳ್ಳೆ ಬರುತ್ತದೆ ಅಂದರೆ ಬೇಡ ಅನ್ನುತ್ತೇನೆ. ಶಿಳ್ಳೆಗೆ ವಯಸ್ಸಾಗುತ್ತದೆ. ಹೋದ ಮೇಲೂ ಆ ಮನುಷ್ಯನ ಕಣ್ಣು ನಾಲ್ವರಿಗೆ ಬೆಳಕಾಯಿತು, ಅವರಿಗಿಂತ ಮುಂಚೆ 2006ರಲ್ಲಿ ಅವರ ತಂದೆಯದೂ ಹಾಗೇ ದಾನವಾಗಿತ್ತು, ಅದು ನೆನಪಿಗೆ ಬರುತ್ತದೆ ಅಂದರೆ ನನ್ನ ತಕರಾರು ಇಲ್ಲ. ನಾಳೆ ಹುಡುಗ ಬೆಳೆದು ‘ನನಗೆ ಈ ಹೆಸರು ಯಾಕೆ’ ಅಂದಾಗ ಹೇಳಲು ಒಂದು ಮಾತಿರುತ್ತದೆ.

ಬದುಕಿರುವವರ ಹೆಸರಿನ ವಿಷಯದಲ್ಲಿ ಮಾತ್ರ ನಾನು ಬಿಗಿ. ನಟನಾಗಲಿ, ಕ್ರಿಕೆಟ್ ಆಡುವವನಾಗಲಿ, ರಾಜಕಾರಣಿಯಾಗಲಿ, ಅವನ ಕಥೆ ಇನ್ನೂ ಮುಗಿದಿಲ್ಲ. ಇವತ್ತು ಕಟೌಟಿಗೆ ಹಾಲೆರೆಸಿಕೊಂಡವನು ನಾಳೆ ಯಾವ ಸುದ್ದಿಯಲ್ಲಿ ಬರುತ್ತಾನೋ ಯಾರು ಬಲ್ಲರು. ಅವನು ಏನು ಮಾಡಿದರೂ ಶಾಲೆಯಲ್ಲಿ ಕೇಳಿಸಿಕೊಳ್ಳುವುದು ನಿಮ್ಮ ಮಗು. ದೇವರ ಹೆಸರಿಗೆ ಆ ಭಯವಿಲ್ಲ, ಬಾಳಿ ಮುಗಿಸಿದ ಹಿರಿಯರ ಹೆಸರಿಗೂ ಇಲ್ಲ. ಇನ್ನೊಂದು ಮಾತು. ಹೆಸರಿಟ್ಟಿದ್ದೇವೆ ಅಂತ ಮೂರು ವರ್ಷದ ಮಗುವಿಗೆ ಕೂದಲು ಬಾಚಿಸಿ, ಕನ್ನಡಕ ಹಾಕಿಸಿ, ಡೈಲಾಗು ಹೇಳಿಸಿ ನೆಂಟರ ಮುಂದೆ ಕುಣಿಸುವುದು ಕಾಣುತ್ತೇನೆ. ಹೆಸರು ಆ ಮನುಷ್ಯನದಾದರೂ ಮಗು ಅವನಲ್ಲ. ಆ ಹುಡುಗ ಅಂಜುಬುರುಕನಾಗಿಯೋ, ಲೆಕ್ಕದಲ್ಲಿ ಚುರುಕಾಗಿಯೋ, ಸಿನಿಮಾ ಅಂದರೆ ನಿದ್ದೆ ಮಾಡುವವನಾಗಿಯೋ ಬೆಳೆಯಬಹುದು. ಅದಕ್ಕೆ ಜಾಗ ಬಿಡಿ ಅಂತ ನಿಮ್ಮ ಮಗನಿಗೆ ನಾನು ಹೇಳಿದೆ ಅನ್ನಿ. ತಾತನ ಹೆಸರಿಟ್ಟರೂ ಇದೇ ಮಾತು, ‘ಅವರ ಹಾಗೆ ಆಗಲಿಲ್ಲವಲ್ಲ’ ಅನ್ನುವ ಭಾರ ಅಲ್ಲೂ ಇದೆ.

ಪಿತೃದೋಷ ಬರುವುದಿಲ್ಲ. ಪಿತೃಗಳಿಗೆ ಸಲ್ಲಬೇಕಾದ್ದು ಸ್ಮರಣೆ. ತರ್ಪಣ ಬಿಡುವ ಮನೆಯಾದರೆ ನಿಮ್ಮ ಮಗ ಅಪ್ಪನ ಹೆಸರನ್ನು ಬಾಯಲ್ಲಿ ಹೇಳಿಯೇ ನೀರು ಬಿಡುತ್ತಾನೆ. ಎಡೆ ಇಡುವ ಮನೆಯಾದರೆ ಅವರಿಗೆ ಇಷ್ಟವಾದ ಅಡಿಗೆ ಮಾಡಿ ಕರೆಯುತ್ತೀರಿ. ಅದು ನಿಂತರೆ ಯೋಚನೆ ಮಾಡಬೇಕು. ಹೆಸರು ಮೊಮ್ಮಗನಿಗೆ ಬರಲಿಲ್ಲ ಅಂತ ಮುನಿಸಿಕೊಳ್ಳುವ ಪಿತೃಗಳು ಯಾವ ಗ್ರಂಥದಲ್ಲೂ ಇಲ್ಲ. ಇನ್ನೂ ಒಂದು ನೋಡಿ. ತಾತನ ಹೆಸರಿಟ್ಟ ಮನೆಗಳಲ್ಲಿ ಆ ಹೆಸರನ್ನು ಕರೆಯುತ್ತಿದ್ದವರು ಯಾರು? ಸೊಸೆ ಮಾವನ ಹೆಸರೆತ್ತುವಂತಿಲ್ಲ, ಅಜ್ಜಿ ಗಂಡನ ಹೆಸರೆತ್ತುವಂತಿಲ್ಲ. ಆ ಹೆಸರು ಹಿಡಿದು ಮಗುವನ್ನು ಬೈದರೆ ಹಿರಿಯರನ್ನೇ ಬೈದಂತೆ. ಹಾಗಾಗಿ ಪುಟ್ಟ, ಅಪ್ಪಯ್ಯ, ಅಜ್ಜ, ಅಪ್ಪು ಅಂತ ಯಾವುದೋ ಒಂದು. ನಿಜವಾದ ಹೆಸರು ಶಾಲೆಗೆ ಸೇರುವ ದಿನ ಮಗುವಿಗೇ ಹೊಸದಾಗಿ ಗೊತ್ತಾಗುತ್ತಿತ್ತು! ನಿಮ್ಮ ಕಾಗದವನ್ನೇ ನೋಡಿ, ಮಾದಪ್ಪನ ಹೆಸರು ಎಂದು ಬರೆದಿರಿ, ಯಜಮಾನರ ಹೆಸರನ್ನು ಪೂರ್ತಿ ಬರೆಯಲು ನಿಮ್ಮ ಕೈಗೆ ಬರಲಿಲ್ಲ.

ದಾರಿ ಹೀಗಿದೆ. ನಾಮಕರಣದಲ್ಲಿ ಒಂದೇ ಹೆಸರು ಅಂತ ಯಾರು ಹೇಳಿದರು? ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯವಹಾರನಾಮ ಎಂದು ನಾಲ್ಕು ಇಡುವ ಕ್ರಮವಿದೆ. ದೇವತಾನಾಮದ ಜಾಗದಲ್ಲಿ ಕುಲದೇವರಾದ ಮಾದಪ್ಪನ ಹೆಸರನ್ನು, ನಿಮ್ಮ ಯಜಮಾನರದು ಹೇಗಿತ್ತೋ ಹಾಗೆಯೇ, ಇಡಿಸಿ. ಮಾಸನಾಮ ಪುರೋಹಿತರು ಹೇಳುತ್ತಾರೆ. ನಕ್ಷತ್ರನಾಮಕ್ಕೆ ಷಡಕ್ಷರಿ. ಅದೂ ಪಂಚಾಕ್ಷರಿಗೆ ಓಂಕಾರ ಸೇರಿದ ಶಿವಮಂತ್ರದ ಹೆಸರೇ, ಮಾದಪ್ಪನಿಗೆ ದೂರದ್ದಲ್ಲ. ವ್ಯವಹಾರನಾಮ ಹೆತ್ತವರ ಇಷ್ಟ. ಅದರಲ್ಲಿ ನಾನು, ನೀವು ಕೈ ಹಾಕುವುದು ಬೇಡ. ಹನ್ನೊಂದು, ಹನ್ನೆರಡನೇ ದಿನ ದಾಟಿದೆ ಅಂತ ಚಿಂತೆ ಬೇಡ, ಪಂಚಾಂಗ ನೋಡಿ ಶುಭದಿನದಲ್ಲಿ ಮಾಡಿ. ತಟ್ಟೆಯಲ್ಲಿ ಅಕ್ಕಿ ಹರಡಿ, ಚಿನ್ನದ ಉಂಗುರದಿಂದ ತಂದೆ ನಾಲ್ಕೂ ಹೆಸರನ್ನು ಬರೆಯಲಿ, ಮಗುವಿನ ಬಲಗಿವಿಯಲ್ಲಿ ಹೇಳಲಿ. ತೊಟ್ಟಿಲಿಗೆ ಹಾಕುವಾಗ ಸೋದರತ್ತೆ ಕರೆಯಲಿ.

ಆಮೇಲೆ ನೀವು. ‘ಮುಂದೆ ನಿಲ್ಲುವಂತಿಲ್ಲ’ ಎಂದು ಬರೆದಿರಲ್ಲ, ಅದನ್ನು ಯಾರು ಹೇಳಿದರೋ ನನಗೆ ತಿಳಿಯದು. ಅಜ್ಜಿ ಮೊಮ್ಮಗನನ್ನು ಮಡಿಲಲ್ಲಿ ಹಾಕಿಕೊಂಡು ಹರಸಬಾರದು ಎಂಬ ವಿಧಿ ನಾನು ಕಲಿತ ನಾಮಕರಣ ಪ್ರಯೋಗದಲ್ಲಿ ಎಲ್ಲೂ ಇಲ್ಲ. ಪುರೋಹಿತರು ತಕರಾರು ಮಾಡಿದರೆ ಈ ಪುಟ ತೋರಿಸಿ. ತೊಟ್ಟಿಲ ಹತ್ತಿರ ಹೋಗಿ, ಆ ಮೊದಲನೆಯ ಹೆಸರನ್ನು ನೀವೇ ಕಿವಿಯಲ್ಲಿ ಹೇಳಿ. ಮದುವೆಯ ದಿನ ಬಾಗಿಲು ತಡೆದು ಹೆಸರು ಹೇಳಿಸಿದಾಗ ಹೇಳಿದ್ದಿರಬಹುದು, ಆಮೇಲೆ ಬಾಯಿಗೆ ಬಂದಿರಲಿಕ್ಕಿಲ್ಲ. ಈಗ ಹೇಳಿದರೆ ದೋಷವಿಲ್ಲ.

ಕಡೆಗೆ ವ್ಯವಹಾರದ ಮಾತು. ಜನನ ನೋಂದಣಿ 21 ದಿನದೊಳಗೆ ಆಗಿರಬೇಕು, ಆಸ್ಪತ್ರೆಯಲ್ಲಿ ಹೆರಿಗೆ ಆಗಿದ್ದರೆ ಅವರೇ ಕಳಿಸಿರುತ್ತಾರೆ. ಹೆಸರಿಲ್ಲದೆ ನೋಂದಣಿಯಾಗಿದ್ದರೆ ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆದ್ದರಿಂದ ಜಗಳವಾಡಲು ಇನ್ನೂ ಸಮಯ ಇದೆ, ಅವಸರ ಮಾಡಬೇಡಿ. ಸರ್ಟಿಫಿಕೇಟಿನಲ್ಲಿ ವ್ಯವಹಾರನಾಮದ ಮುಂದೆ ತಾತನ ಹೆಸರನ್ನೂ ಸೇರಿಸಿ ಬರೆಸಲು ಅಡ್ಡಿಯಿಲ್ಲ, ಮಗನನ್ನು ಸಮಾಧಾನವಾಗಿ ಕೇಳಿ ನೋಡಿ. ಸಂಖ್ಯಾಶಾಸ್ತ್ರ ಅಂತ ಇಂಗ್ಲಿಷಿನಲ್ಲಿ ಎರಡು ‘ಇ’, ಎರಡು ‘ಎಚ್’ ಸೇರಿಸಲು ಹೇಳುವವರ ಮಾತು ಕೇಳಬೇಡಿ. ಅದು ವೇದದ್ದೂ ಅಲ್ಲ, ನಮ್ಮ ಜ್ಯೋತಿಷದ್ದೂ ಅಲ್ಲ. ಮುಂದೆ ಆಧಾರ್, ಶಾಲೆ, ಪಾಸ್‌ಪೋರ್ಟ್ ಮೂರರಲ್ಲಿ ಮೂರು ಕಾಗುಣಿತವಾಗಿ ಹುಡುಗ ಅಫಿಡವಿಟ್ ಮಾಡಿಸಿಕೊಂಡು ಓಡಾಡಬೇಕಾಗುತ್ತದೆ. ಕನ್ನಡದಲ್ಲಿ ಹೇಗೆ ಕರೆಯುತ್ತೀರೋ ಹಾಗೆ ಬರೆಸಿ.